ಆಳುವವರು ಬದಲಾದರೂ ಹೊಟ್ಟೆ ಕಾಯುವುದಿಲ್ಲ

ಎರಡು ತಿಂಗಳ ಹಿಂದೆ ಗುಬ್ಬಿ ಕಡೆಯ ಹಳ್ಳಿಯೊಂದರಿಂದ ಎಂಬತ್ತೆಂಟು ವರ್ಷದ ಅಜ್ಜಿಯೊಬ್ಬರು ತಮ್ಮ ಮರಿಮಗಳನ್ನು ಕರೆದುಕೊಂಡು ತುಮಕೂರಿನ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹುಡುಗಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ಕಾಲೇಜಿನ ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ. ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದೆ, ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.2 ಗ್ರಾಂ ಬಂತು. ಈ ವಯಸ್ಸಿನ ಹುಡುಗಿಗೆ ಕನಿಷ್ಠ 12 ಗ್ರಾಂ ಇರಬೇಕು.

ಅಜ್ಜಿಗೆ ನನ್ನ ಮಾತು ಒಪ್ಪಿಗೆಯಾಗಲಿಲ್ಲ. "ಅಲ್ಲ ಸ್ವಾಮಿ, ನಾವು ರೇಷನ್ ಕಾಲದಲ್ಲಿ ಬೆಳೆದೋರು. ಅರೆಹೊಟ್ಟೆ ಉಂಡು ಹೊಲ ಗೇಯ್ದಿದೀವಿ. ಈಗ ಸರ್ಕಾರದೋರೇ ಅಕ್ಕಿ ಕೊಡ್ತಾರೆ, ಸ್ಕೂಲಲ್ಲಿ ಊಟ ಹಾಕ್ತಾರೆ. ಈ ಮಗೀಗೆ ರಕ್ತ ಯಾಕಿಲ್ಲ?" ಎಂದು ಕೇಳಿಯೇಬಿಟ್ಟರು. ಸಾಲಿನಲ್ಲಿ ಇನ್ನೂ ಹನ್ನೆರಡು ಮಂದಿ ಕಾದಿದ್ದುದರಿಂದ ಆಗ ಎರಡು ಮಾತಿನಲ್ಲಿ ಮುಗಿಸಿದೆ. ಆದರೆ ಅದು ಎರಡು ಮಾತಿನಲ್ಲಿ ಮುಗಿಯುವ ಪ್ರಶ್ನೆಯಲ್ಲ. ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಅಜ್ಜಿಗೆ ಹತ್ತು ವರ್ಷವಾಗಿದ್ದಾಗ, 1947ರ ಅಕ್ಟೋಬರಿನಲ್ಲಿ, 'ಮೈಸೂರು ಚಲೋ' ಚಳವಳಿಯ ಬೆನ್ನಿಗೇ ಕೆ.ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರ ಬಂದಿತು. ಅವರು ಹದಿನಾಲ್ಕು ಹದಿನೈದರ ಹುಡುಗಿಯಾಗಿದ್ದಾಗ ಮೊದಲ ಮಹಾ ಚುನಾವಣೆ ನಡೆಯಿತು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ಅರಸರ ನಾಡು ಪ್ರಜೆಗಳ ನಾಡಾದ ಆ ನಾಲ್ಕೈದು ವರ್ಷಗಳ ರಾಜಕೀಯವನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆ ವರ್ಷಗಳಲ್ಲಿ ಜನ ಏನು ಉಂಡರು, ಯಾವ ನೀರು ಕುಡಿದರು, ಜ್ವರ ಬಂದರೆ ಏನು ಮಾಡಿದರು ಎಂಬುದು ಪಠ್ಯಪುಸ್ತಕದಲ್ಲಿರಲಿಲ್ಲ. ವೈದ್ಯನಾದ ನನಗೆ ಮುಖ್ಯವಾಗಿ ಕಾಣುವುದು ಅದೇ.

ಆಡಳಿತ ಕೈ ಬದಲಾಗುವ ಕಾಲ ಆರೋಗ್ಯದ ದೃಷ್ಟಿಯಿಂದ ಬಲು ನಾಜೂಕಿನ ಕಾಲ. ಒಂದು ಉದಾಹರಣೆ ಕೊಡುತ್ತೇನೆ. ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಹಳೆಯ ಸೋವಿಯೆತ್ ಒಕ್ಕೂಟದಲ್ಲಿ ಹೆಚ್ಚುಕಡಿಮೆ ಅಳಿದೇ ಹೋಗಿತ್ತು. 1991ರಲ್ಲಿ ಒಕ್ಕೂಟ ಒಡೆಯಿತು. ಲಸಿಕೆಯ ಸರಬರಾಜು ಏರುಪೇರಾಯಿತು, ಮಕ್ಕಳಿಗೆ ಹಾಕಿಸಬೇಕಾದ ಚುಚ್ಚುಮದ್ದುಗಳು ತಪ್ಪಿದವು, ಎಷ್ಟೋ ದೊಡ್ಡವರಲ್ಲೂ ರೋಗನಿರೋಧಕ ಶಕ್ತಿ ಉಳಿದಿರಲಿಲ್ಲ. 1990ರ ದಶಕದಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಗೆ ಗಂಟಲಮಾರಿ ತಗಲಿ, ಸುಮಾರು ಐದು ಸಾವಿರ ಮಂದಿ ಸತ್ತರು. ರೋಗಾಣುವಿಗೆ ಸಂವಿಧಾನ ತಿಳಿಯದು. ತಮ್ಮ ಮಕ್ಕಳಿಗೆ ಐದನೆಯ, ಹತ್ತನೆಯ ಮತ್ತು ಹದಿನಾರನೆಯ ವರ್ಷದಲ್ಲಿ ಹಾಕಿಸಬೇಕಾದ ಚುಚ್ಚುಮದ್ದನ್ನು "ಚಿಕ್ಕಂದಿನಲ್ಲೇ ಎಲ್ಲ ಹಾಕಿಸಿದ್ದೇವೆ" ಎಂದು ಬಿಟ್ಟುಬಿಡುವ ತಂದೆತಾಯಿಗಳು ಇದನ್ನು ಒಮ್ಮೆ ನೆನೆಯಬೇಕು.

ಒಂಬತ್ತು ಔನ್ಸಿನ ಲೆಕ್ಕ

ನಮ್ಮಲ್ಲಿ ಆ ಕಾಲದ ದೊಡ್ಡ ಚಿಂತೆ ಅನ್ನದ್ದೇ. 1942ರಲ್ಲಿ ಬರ್ಮಾ ದೇಶ ಜಪಾನೀಯರ ವಶವಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. 1943ರಲ್ಲಿ ಬಂಗಾಳದಲ್ಲಿ ಸುಮಾರು ಮೂವತ್ತು ಲಕ್ಷ ಜನ ಹಸಿವಿನಿಂದ ಮತ್ತು ಅದರ ಜೊತೆಗೇ ಬಂದ ರೋಗಗಳಿಂದ ಸತ್ತರು. ಮೈಸೂರು ಸಂಸ್ಥಾನದಲ್ಲೂ ಧಾನ್ಯ ನಿಯಂತ್ರಣ ಬಂತು, ಪಡಿತರ ಬಂತು. ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ, ಗಾಂಧೀಜಿಯವರ ಒತ್ತಾಯದ ಮೇರೆಗೆ, ಕೇಂದ್ರ ಸರ್ಕಾರ ನಿಯಂತ್ರಣವನ್ನು ಸಡಿಲಿಸಿತು. ಬೆಲೆ ಏರಿತು. 1948ರಲ್ಲಿ ಮತ್ತೆ ನಿಯಂತ್ರಣ ಹೇರಬೇಕಾಯಿತು. 1951ರ ಜನವರಿಯಲ್ಲಿ ಪಡಿತರವನ್ನು ದಿನಕ್ಕೆ 12 ಔನ್ಸಿನಿಂದ 9 ಔನ್ಸಿಗೆ ಇಳಿಸಲಾಯಿತು. ಅದೇ ವರ್ಷದ ಕೊನೆಯಲ್ಲಿ ಚುನಾವಣೆ ಶುರುವಾಯಿತು! ಹದಿನೇಳು ಕೋಟಿಗೂ ಹೆಚ್ಚು ಮತದಾರರು, ಅವರಲ್ಲಿ ಎಷ್ಟೋ ಮಂದಿ ಹಸಿದ ಹೊಟ್ಟೆಯವರು.

ಒಂಬತ್ತು ಔನ್ಸ್ ಎಂದರೆ ಸುಮಾರು 255 ಗ್ರಾಂ ಧಾನ್ಯ. ನೂರು ಗ್ರಾಂ ಧಾನ್ಯದಿಂದ ಸುಮಾರು 345 ಕ್ಯಾಲೊರಿ ಸಿಗುತ್ತದೆ ಎಂದು ಇಟ್ಟುಕೊಂಡರೆ, ದಿನಕ್ಕೆ 880 ಕ್ಯಾಲೊರಿ ಆಯಿತು. ಕುಳಿತು ಕೆಲಸ ಮಾಡುವ ಹೆಂಗಸಿಗೇ ದಿನಕ್ಕೆ 1660 ಕ್ಯಾಲೊರಿ ಬೇಕು. ಹೊಲದಲ್ಲಿ ದುಡಿಯುವ ಗಂಡಸಿಗೆ 2700 ದಾಟುತ್ತದೆ. ಉಳಿದದ್ದು ಎಲ್ಲಿಂದ ಬರಬೇಕು? ಹೊಲ ಇದ್ದವರಿಗೆ ಸೊಪ್ಪು, ಅವರೆ, ಹುರುಳಿ, ಮನೆಯ ಎಮ್ಮೆಯ ಮಜ್ಜಿಗೆ. ಹೊಲ ಇಲ್ಲದ ಕೂಲಿಯವರಿಗೆ ಏನೂ ಇಲ್ಲ. ಅಜ್ಜಿಯ ಮನೆಯಲ್ಲಿ ಎರಡು ಎಕರೆ ಖುಷ್ಕಿ ಇತ್ತಂತೆ. "ಅರೆಹೊಟ್ಟೆ ಉಂಡೂ ಗಟ್ಟಿಯಾಗಿದ್ದೆವು" ಎಂಬ ಮಾತಿನ ಹಿಂದೆ ಆ ಎರಡು ಎಕರೆ ಇದೆ. ಇನ್ನೊಂದು ಕಾರಣವೂ ಇದೆ, ಹೇಳಲು ಕಸಿವಿಸಿ. ಗಟ್ಟಿಯಾಗಿಲ್ಲದವರು ಈಗ ನಮ್ಮ ಮುಂದೆ ಕುಳಿತು ಹಾಗೆ ಹೇಳಲು ಉಳಿದಿಲ್ಲ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ನೂರಾ ಅರವತ್ತಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವುದರೊಳಗೆ ಸಾಯುತ್ತಿದ್ದರು. ಅಜ್ಜಿಯನ್ನೇ ಕೇಳಿದೆ. ಒಡಹುಟ್ಟಿದವರು ಒಂಬತ್ತು, ಬದುಕಿ ದೊಡ್ಡವರಾದವರು ನಾಲ್ಕು.

ಬರಗಾಲಕ್ಕೆ ನಮ್ಮ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು ಹಗೇವು. ತುಮಕೂರು ಸೀಮೆಯ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ನಿಲ್ಲುವ ಧಾನ್ಯವಾದ್ದರಿಂದ ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ಲೆವಿ ವಸೂಲಿಗೆ ಬಂದವರ ಕಣ್ಣಿಗೆ ಬೀಳದಂತೆ ಬಚ್ಚಿಡಲೂ ಅದು ಒದಗಿತು ಎಂದು ಅಜ್ಜಿ ನಕ್ಕರು. (ಈಗಲೂ ಹಳೆಯ ಹಗೇವು ಇರುವ ಮನೆಯವರು ಗಮನಿಸಿ: ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬೇಡಿ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಆಮ್ಲಜನಕ ಇರುವುದಿಲ್ಲ. ಇಳಿದವರು ಉಸಿರುಕಟ್ಟಿ ಸತ್ತಿರುವುದುಂಟು, ಅವರನ್ನು ಎತ್ತಲು ಇಳಿದವರೂ ಸತ್ತಿರುವುದುಂಟು.)

ಆದರೆ ಹಗೇವಿಗೂ ಒಂದು ಮಿತಿಯುಂಟು. 1876-78ರ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಎಲ್ಲ ಹಗೇವುಗಳೂ ಬರಿದಾದವು. 1871ರಲ್ಲಿ ಸುಮಾರು 50 ಲಕ್ಷ ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಆ ಬರದ ಬೆನ್ನಿಗೇ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. 1884ರಲ್ಲಿ ತುಮಕೂರಿಗೆ ರೈಲು ಬಂತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಊರಿನ ಕಷ್ಟವನ್ನು ದಿವಾನರ ಮುಂದೆ ಹೇಳಿಕೊಳ್ಳಬಹುದಿತ್ತು, ಅಷ್ಟೇ. ಆದರೂ ಹೇಳಿಕೊಳ್ಳುವುದಕ್ಕೆ ಒಂದು ಜಾಗ ಬೇಕು ಎಂಬ ತಿಳಿವಳಿಕೆ ಅಲ್ಲಿಂದ ಶುರುವಾಯಿತು ಎಂದು ನನ್ನ ಭಾವನೆ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು ಇದನ್ನೇ ವಿಸ್ತರಿಸಿದ್ದಾರೆ. ಚುನಾವಣೆ ಮತ್ತು ಸ್ವತಂತ್ರ ಪತ್ರಿಕೆಗಳು ಇರುವ ದೇಶದಲ್ಲಿ ಲಕ್ಷಗಟ್ಟಲೆ ಜನ ಸಾಯುವ ಕ್ಷಾಮ ಬರುವುದಿಲ್ಲ, ಏಕೆಂದರೆ ಆ ಸುದ್ದಿಯನ್ನು ಮುಚ್ಚಿಡಲು ಆಗುವುದಿಲ್ಲ, ಮುಚ್ಚಿಟ್ಟವರು ಗೆದ್ದು ಬರುವುದಿಲ್ಲ ಎಂಬುದು ಅವರ ವಾದ. 1951ರಲ್ಲಿ ಪಡಿತರ ಇಳಿದರೂ ಬಂಗಾಳ ಮರುಕಳಿಸಲಿಲ್ಲ. ಅಮೆರಿಕದಿಂದ ಸಾಲದ ಗೋಧಿ ತರಿಸಿದರು, ಹಡಗು ಬರುವವರೆಗೆ ಇದ್ದುದನ್ನೇ ಹಂಚಿದರು. ಇದೇ ಸೇನ್ ಇನ್ನೊಂದು ಮಾತನ್ನೂ ಹೇಳಿದ್ದಾರೆ. ಅದನ್ನು ನಾವು ಅಷ್ಟಾಗಿ ಕೇಳಿಸಿಕೊಳ್ಳುವುದಿಲ್ಲ. ಸದ್ದಿಲ್ಲದ ಹಸಿವನ್ನು ನಿವಾರಿಸುವುದರಲ್ಲಿ ಪ್ರಜಾಪ್ರಭುತ್ವಕ್ಕೆ ಅಂತಹ ಗೆಲುವು ಸಿಕ್ಕಿಲ್ಲ. ರಸ್ತೆಯಲ್ಲಿ ಹೆಣ ಬಿದ್ದರೆ ಪತ್ರಿಕೆಯ ಮುಖಪುಟಕ್ಕೆ ಸುದ್ದಿ. ಕಾಲೇಜಿನ ಹುಡುಗಿಯ ಹಿಮೋಗ್ಲೋಬಿನ್ 8.2ಕ್ಕೆ ಇಳಿದರೆ ಒಳಪುಟಕ್ಕೂ ಸುದ್ದಿಯಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ತುಸು ಕಡಿಮೆ ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮೂವರು ಮಕ್ಕಳಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಇದೆ. ಅಜ್ಜಿಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲನ್ನು ಸೇರಿಸುತ್ತದೆ. ಹೊಟ್ಟೆ ತುಂಬುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಬಿಳಿ ಅಕ್ಕಿಯಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಅಜ್ಜಿಯ ಕಾಲದ ತಟ್ಟೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಹೊಲದ ಬದುವಿನ ಬೆರಕೆ ಸೊಪ್ಪು ಇರುತ್ತಿತ್ತು. ಮರಿಮಗಳ ತಟ್ಟೆಯಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಚಿತ್ರಾನ್ನ, ಸಂಜೆ ಬೇಕರಿಯ ಬನ್ನು ಮತ್ತು ಕಾಫಿ. ಜೊತೆಗೆ ತಿಂಗಳಿಗೆ ಏಳು ದಿನ ಹೆಚ್ಚು ರಕ್ತಸ್ರಾವ. ಅದನ್ನು ಆ ಹುಡುಗಿ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಾಯಂದಿರೇ, ಹೆಣ್ಣುಮಕ್ಕಳನ್ನು ನೀವಾಗಿಯೇ ಕೇಳಿ.

ಶಾಲೆ, ಅಂಗನವಾಡಿಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಚೀಲದಲ್ಲೇ ಬಿಟ್ಟು ಮನೆಗೆ ತರುವ ಮಕ್ಕಳು ಬಹಳ. ಹೊಟ್ಟೆ ತೊಳೆಸುತ್ತದೆ ಎಂಬ ದೂರು ನಿಜ; ಊಟವಾದ ಮೇಲೆ ತೆಗೆದುಕೊಂಡರೆ ಅದು ಕಡಿಮೆಯಾಗುತ್ತದೆ. ಮಲ ಕಪ್ಪಗಾಗುವುದಕ್ಕೆ ಹೆದರಬೇಕಾಗಿಲ್ಲ. ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ, ಟೀ ಬೇಡ. ನಿಂಬೆಹಣ್ಣಿನ ಪಾನಕ ಒಳ್ಳೆಯದು. ವರ್ಷಕ್ಕೆರಡು ಸಲ ಜಂತುಹುಳುವಿನ ಮಾತ್ರೆ ನುಂಗಿಸಿ. ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ, ಕಬ್ಬಿಣವೂ ಉಂಟು, ಆದರೆ ಆ ಕಬ್ಬಿಣ ಸುಲಭವಾಗಿ ಮೈಗೆ ಹತ್ತುವುದಿಲ್ಲ; ಮೊಳಕೆ ಕಟ್ಟಿ ಹುರಿದ ಹಿಟ್ಟಾದರೆ ಮೇಲು. ಶಾಲೆಯಲ್ಲಿ ಕೊಡುವ ಮೊಟ್ಟೆಯನ್ನು ತಿನ್ನುವ ಮನೆಯವರು ತಿನ್ನಲಿ, ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಉಂಟು. ಇದರ ಮೇಲೆ ಜಗಳವಾಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಜ್ವರದ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅಲ್ಲಿ ಹೊಸ ಸರ್ಕಾರ ಚೆನ್ನಾಗಿಯೇ ಕೆಲಸ ಮಾಡಿತು. ಆಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಎಂಟು ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಡಿಡಿಟಿ ಹೊಡೆಯುವವರು ಹಳ್ಳಿಹಳ್ಳಿ ಸುತ್ತಿ ಗೋಡೆಯ ಮೇಲೆ ತಾರೀಖು ಬರೆದು ಹೋದರು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಒಂದು ಲಕ್ಷಕ್ಕೆ ಇಳಿಯಿತು. ಆಮೇಲೆ ಉದಾಸೀನ ಬಂದು 1976ರಲ್ಲಿ ಅದು 64 ಲಕ್ಷ ದಾಟಿದ್ದೂ ನಿಜ. ಸಿಡುಬಂತೂ 1975ರಲ್ಲಿ ಈ ದೇಶದಿಂದ ಹೊರಟೇ ಹೋಯಿತು.

ನೀರು ಬಂತು, ನೀರಿನ ಜೊತೆ ಏನು ಬಂತು

ನೀರಿನ ಕಥೆ ಮಾತ್ರ ಇನ್ನೂ ಮುಗಿದಿಲ್ಲ. ಹಳ್ಳಿಗಳಲ್ಲಿ ಜನ ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬುತ್ತಿದ್ದರು. ನಾರುಹುಣ್ಣು ಇದ್ದವನು ನೀರಿಗೆ ಕಾಲಿಟ್ಟರೆ ಹುಳುವಿನ ಮರಿಗಳು ನೀರು ಸೇರಿ, ಅದನ್ನು ಕುಡಿದವರ ಕಾಲಿನಲ್ಲಿ ವರ್ಷದ ನಂತರ ಮೊಳಗಟ್ಟಲೆ ಹುಳು ಹೊರಬರುತ್ತಿತ್ತು. ನಮ್ಮ ರಾಜ್ಯವೂ ಆ ರೋಗದ ನೆಲೆಯಾಗಿತ್ತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾದ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ಕೈಪಂಪು ಕೂರಿಸಿದರು. ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಅದೇ ಸಾಬರು ತಂದ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ನಾಲ್ಕನೆಯ ಒಂದು ಭಾಗದ ಸ್ಥಾನಗಳು ಹೆಂಗಸರಿಗೆ ಮೀಸಲಾದವು. ಬೆಂಗಳೂರಿಗೆ ಬಂದಿದ್ದ ಪ್ರಜಾಪ್ರಭುತ್ವ ನಮ್ಮ ಹಳ್ಳಿಗೆ ಬಂದದ್ದು ಆಗ ಎನ್ನಬೇಕು. ಬಿಂದಿಗೆ ಹೊರುವವರೇ ನೀರಿನ ಬಗ್ಗೆ ಸಭೆಯಲ್ಲಿ ಮಾತನಾಡತೊಡಗಿದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಣೆಯಾಯಿತು.

ಆದರೆ ಆಳದ ಬಂಡೆಯ ಸಂದಿನಿಂದ ಬರುವ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ, ಅದಕ್ಕಿಂತ ಹೆಚ್ಚಾದರೆ ತೊಂದರೆ. ನಮ್ಮ ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆ ಈ ಸಮಸ್ಯೆ ಜೋರು. ಗುಬ್ಬಿ, ಕುಣಿಗಲ್‌ಗಳಲ್ಲಿ ಅಷ್ಟಿಲ್ಲವೆಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಒಂದು ಕೊಳವೆಬಾವಿಯ ನೀರಿನಂತೆ ನೂರು ಗಜದಾಚೆಯ ಇನ್ನೊಂದರ ನೀರು ಇರುವುದಿಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಹೇಳಿಕೊಳ್ಳಬೇಕು. ನಾನು ವೈದ್ಯವೃತ್ತಿ ಆರಂಭಿಸಿದ ಹೊಸದರಲ್ಲಿ ಪಾವಗಡ ಕಡೆಯ ರೈತರೊಬ್ಬರು ಸೊಂಟನೋವು, ಕುತ್ತಿಗೆ ಬಿಗಿತ ಎಂದು ಬರುತ್ತಿದ್ದರು. ಒಂದು ವರ್ಷ ನೋವಿನ ಮಾತ್ರೆ ಬರೆದುಕೊಟ್ಟೆ. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಯಿತು, ಬೆನ್ನು ಮಾತ್ರ ನೆಟ್ಟಗಾಗಲಿಲ್ಲ. ಒಂದು ದಿನ ಅವರ ಜೊತೆ ಬಂದ ಮಗ ನಕ್ಕಾಗ ಅವನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆಗಳು ಕಂಡವು. ಆಗ ಹೊಳೆಯಿತು. ಮುಂಗೈಯ ಎಕ್ಸ್‌ರೇ ತೆಗೆಸಿದರೆ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿತ್ತು. ಅವರ ತೋಟದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ 3.8 ಮಿಲಿಗ್ರಾಂ ಇತ್ತು. ಇಪ್ಪತ್ತು ವರ್ಷ ಕುಡಿದಿದ್ದರು. ಮೂಳೆಗೆ ಸೇರಿದ ಫ್ಲೋರೈಡನ್ನು ತೆಗೆಯುವ ಔಷಧಿ ಇಲ್ಲ. ನೀರು ಬದಲಿಸಿದ್ದರಿಂದ ಮನೆಯ ಚಿಕ್ಕ ಮಗುವಿನ ಹಲ್ಲು ಉಳಿಯಿತು, ತಂದೆಯ ಬೆನ್ನು ಉಳಿಯಲಿಲ್ಲ. ಆಮೇಲಿಂದ ಬೆನ್ನುನೋವೆಂದು ಬಂದ ಹಳ್ಳಿಯವರನ್ನೆಲ್ಲ "ಯಾವ ನೀರು ಕುಡಿಯುತ್ತೀರಿ?" ಎಂದು ಮೊದಲು ಕೇಳುತ್ತೇನೆ.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿನಿಂದಲೂ ಪ್ರಯೋಜನವಿಲ್ಲ. ಊರಿನ ಶುದ್ಧ ನೀರಿನ ಘಟಕದಲ್ಲಿ ಆರ್‌ಓ ಪೊರೆ ಚೆನ್ನಾಗಿದ್ದರೆ ಅದರ ನೀರು ಸರಿ; ಪೊರೆ ಬದಲಿಸಿ ಎಷ್ಟು ಕಾಲವಾಯಿತು ಎಂದು ವಿಚಾರಿಸಿ. ಎಂಟು ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಯರಿಗೆ ಆ ನೀರನ್ನೇ ಕೊಡಿ, ಅಡುಗೆಗೂ ಅದನ್ನೇ ಬಳಸಿ. ಮಳೆನೀರು ಹಿಡಿದಿಡುವ ಅನುಕೂಲವಿದ್ದರೆ ಇನ್ನೂ ಒಳ್ಳೆಯದು. ಹಾಲು, ರಾಗಿ, ನೆಲ್ಲಿಕಾಯಿ ಒಂದಿಷ್ಟು ಸಹಾಯ ಮಾಡುತ್ತವೆ.

ನಿಮ್ಮ ಊರಿನ ನೀರು ಹೇಗಿದೆ ಎಂದು ತಿಳಿಯಲು ನನ್ನಂಥ ವೈದ್ಯರ ಬಳಿ ಬರಬೇಕಾಗಿಲ್ಲ. 2019ರಲ್ಲಿ ಆರಂಭವಾದ ಜಲಜೀವನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಮಂದಿ ಹೆಂಗಸರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ನಿಯಮವಿದೆ. ನಿಮ್ಮ ಊರಿನಲ್ಲಿ ಆ ಐವರು ಯಾರು? ಕಿಟ್ಟು ಎಲ್ಲಿದೆ, ಯಾರ ಬೀರುವಿನಲ್ಲಿದೆ? ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಪ್ರತಿಯೊಂದು ಕೊಳವೆಬಾವಿಯ ಫ್ಲೋರೈಡ್ ಮತ್ತು ನೈಟ್ರೇಟ್ ಅಂಕಿಗಳನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸುವಂತೆ ಕೇಳಿ. ಹಿಂದೆ ಡಿಡಿಟಿಯ ತಾರೀಖು ಬರೆಯುತ್ತಿರಲಿಲ್ಲವೆ, ಹಾಗೆಯೇ.

ದಕ್ಷಿಣ ಆಫ್ರಿಕದಲ್ಲಿ 1994ರಲ್ಲಿ ಎಲ್ಲರಿಗೂ ಮತದ ಹಕ್ಕು ಬಂದ ಕೂಡಲೇ ಮಂಡೇಲಾ ಅವರು ಬಸುರಿಯರಿಗೆ ಮತ್ತು ಆರು ವರ್ಷದೊಳಗಿನ ಮಕ್ಕಳಿಗೆ ಉಚಿತ ಚಿಕಿತ್ಸೆ ಘೋಷಿಸಿದರು. ನೀರಿನ ಹಕ್ಕನ್ನು ಸಂವಿಧಾನದಲ್ಲೇ ಬರೆದುಕೊಂಡರು. ಆದರೂ 2000-01ರಲ್ಲಿ ಕ್ವಾಜುಲು-ನಟಾಲ್ ಪ್ರಾಂತ್ಯದಲ್ಲಿ ನಲ್ಲಿ ನೀರಿಗೆ ದುಡ್ಡು ಕೊಡಲಾರದ ಬಡವರು ಹೊಳೆಯ ನೀರು ಕುಡಿದರು, ಲಕ್ಷಕ್ಕೂ ಹೆಚ್ಚು ಮಂದಿಗೆ ಕಾಲರಾ ತಗಲಿತು. ಹಕ್ಕು ಕಾಗದದಲ್ಲಿತ್ತು, ನೀರು ನಲ್ಲಿಯಲ್ಲಿತ್ತು, ನಡುವೆ ಮೀಟರು ಇತ್ತು.

ನಮ್ಮಲ್ಲಿ ಈಗ ಹೇಮಾವತಿ ನೀರಿನ ಮಾತು. ಕುಣಿಗಲ್ ಕಡೆಗೆ ನೇರ ನಾಲೆ ತೆಗೆಯುವ ಯೋಜನೆಯನ್ನು ವಿರೋಧಿಸಿ 2024 ಮತ್ತು 2025ರಲ್ಲಿ ಗುಬ್ಬಿ, ತುಮಕೂರು ಕಡೆಯವರು ಬೀದಿಗಿಳಿದರು. ಬೇಕೆನ್ನುವವರಿಗೂ ಅವರದೇ ಆದ ನ್ಯಾಯವಿದೆ. ನನ್ನ ಬಳಿ ಎರಡೂ ತಾಲ್ಲೂಕಿನ ರೋಗಿಗಳು ಬರುತ್ತಾರೆ, ನಾನು ಯಾರ ಪರವಾಗಿಯೂ ಮಾತನಾಡುವುದಿಲ್ಲ. ನಾಲೆ ಎಲ್ಲೇ ಹರಿಯಲಿ, ಹೊಲದ ಪಾಲನ್ನು ಲೆಕ್ಕ ಹಾಕುವ ಮೊದಲು ಕುಡಿಯುವ ಪಾಲನ್ನು ತೆಗೆದಿಡಬೇಕು ಎಂದಷ್ಟೇ ವೈದ್ಯನಾಗಿ ಹೇಳಬಲ್ಲೆ. ತುಮಕೂರು ನಗರದವರು ಬುಗುಡನಹಳ್ಳಿ ಕೆರೆಯ ನೀರು ಯಾವ ದಿನ ಬರುವುದೋ ಎಂದು ಡ್ರಮ್ಮುಗಳಲ್ಲಿ ತುಂಬಿಡುತ್ತಾರಲ್ಲ, ಆ ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಡೆಂಗೆ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರಲು ಏಳರಿಂದ ಹತ್ತು ದಿನ ಸಾಕು.

ಅಜ್ಜಿ ಮತ್ತು ಮರಿಮಗಳು ಕಳೆದ ವಾರ ಮತ್ತೆ ಬಂದಿದ್ದರು. ಆರು ವಾರ ಮಾತ್ರೆ ನುಂಗಿದ್ದಾಳೆ, ಹಿಮೋಗ್ಲೋಬಿನ್ 10.4 ಆಗಿದೆ. ಅಧಿಕ ಸ್ರಾವಕ್ಕೆ ಸ್ತ್ರೀರೋಗ ತಜ್ಞರ ಬಳಿ ಕಳುಹಿಸಿದ್ದೇನೆ. ಹನ್ನೆರಡು ಮುಟ್ಟಿದ ಮೇಲೂ ಮೂರು ತಿಂಗಳು ಮಾತ್ರೆ ನಿಲ್ಲಿಸಬಾರದೆಂದು ಹೇಳಿದೆ. ಅಜ್ಜಿ ಈ ಸಲ ಸೀರೆಯ ಸೆರಗಿನಿಂದ ಒಂದು ಪ್ಲಾಸ್ಟಿಕ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಊರಿನ ಕೊಳವೆಬಾವಿಯ ನೀರು. "ಇದನ್ನೂ ಒಂದಿಷ್ಟು ನೋಡಿ ಹೇಳಿ ಸ್ವಾಮಿ" ಎಂದರು. ಜಿಲ್ಲಾ ಪ್ರಯೋಗಾಲಯಕ್ಕೆ ಕಳುಹಿಸಿದ್ದೇನೆ, ವರದಿ ಇನ್ನೂ ಬಂದಿಲ್ಲ.